ಹಸಿರು ಚುಕ್ಕಿಗಳ ಆಯುಧಪೂಜೆ

ಹಿಂದೂಪುರದ ನಮ್ಮ ಆಫೀಸಿನಲ್ಲಿ ಒಂದು ಗೋಡೆಗೆ ದೇವರ ಪಟಗಳಿವೆ, ಎದುರು ಗೋಡೆಗೆ ಮಂಚದಷ್ಟು ಅಗಲದ ಒಂದು ಟಿವಿ ಪರದೆ ಇದೆ. ಪಟಗಳ ಧೂಳನ್ನು ವರ್ಷಕ್ಕೊಮ್ಮೆ ಕೊಡವುತ್ತಾರೆ. ಪರದೆಯನ್ನು ಮಾತ್ರ ಲಕ್ಷ್ಮೀಕಾಂತ್ ದಿನಾ ಬೆಳಿಗ್ಗೆ ತನ್ನ ಕರ್ಚೀಫಿನಿಂದಲೇ ಒರೆಸುತ್ತಾನೆ. ಹೀಗಾಗಿ ಇಲ್ಲಿ ಯಾರ ಪೂಜೆ ನಡೆಯುತ್ತದೆ ಎಂದು ಹೊಸಬರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನಮ್ಮದು ಹಾಲಿನ ಕಂಪನಿ. ಪರಿಗಿ, ಪೆನುಕೊಂಡ, ಕಲ್ಯಾಣದುರ್ಗ ಹೀಗೆ ಊರೂರಲ್ಲಿ ಹಾಲು ಕೊಂಡು ತಂಪು ಮಾಡಿಡುವ ಕೇಂದ್ರಗಳಿವೆ. ಪ್ರತಿ ಕೇಂದ್ರದಲ್ಲೂ ಕಂಪ್ಯೂಟರು, ಇಂಟರ್ನೆಟ್ ಡಬ್ಬಿ, ಯುಪಿಎಸ್ಸು, ಹಾಲು ತಂಪಿಡುವ ಕೂಲರು, ಜನರೇಟರು. ಇವೆಲ್ಲ ಬದುಕಿವೆಯೋ ಸತ್ತಿವೆಯೋ ಎಂದು ಹಿಂದೂಪುರದಲ್ಲಿ ಕೂತೇ ನೋಡುವುದಕ್ಕೆ ಒಂದು ಸಾಫ್ಟ್‌ವೇರು ತಂದರು. ಒಂದೊಂದು ಯಂತ್ರಕ್ಕೂ ಪರದೆಯ ಮೇಲೆ ಒಂದೊಂದು ಚುಕ್ಕಿ. ಸರಿಯಿದ್ದರೆ ಹಸಿರು, ಕೆಟ್ಟರೆ ಕೆಂಪು. ಕೆಂಪಾಯಿತೆಂದರೆ ಓನರ ಮೊಬೈಲು ಕೂಡ ಕೂಗುತ್ತದೆ. ಸಾಫ್ಟ್‌ವೇರು ಒಳ್ಳೆಯದೇ. ನಾನು, ಪದ್ಮಲತಾ, ದಿನವಿಡೀ ಅದರ ಮುಂದೆ ಕೂರುವವಳು. ಅದರ ಮೇಲೆ ನನ್ನ ದೂರಿಲ್ಲ. ನನ್ನ ದೂರಿರುವುದು ಯಾವ ರಿಪೇರಿಗೂ ಬಾರದ ಇನ್ನೊಂದು ಮಾಲಿನ ಮೇಲೆ.

ಲಕ್ಷ್ಮೀಕಾಂತ್ ನಮ್ಮ ಓನರು ಚೆನ್ನಕೇಶವ ಅವರ ಬಾಮೈದ. ಮುಂಚೆ ಮದುವೆ ಮನೆಗಳಿಗೆ ಶಾಮಿಯಾನ, ಸೀರಿಯಲ್ ಸೆಟ್ಟು ಬಾಡಿಗೆಗೆ ಕೊಡುತ್ತಿದ್ದ. ಆ ವ್ಯಾಪಾರ ಮುಳುಗಿದ ಮೇಲೆ ಅಕ್ಕ ಗಂಡನ ಹತ್ತಿರ ಎರಡು ಮಾತಾಡಿದಳು, ಇವನು ಐಟಿ ಮ್ಯಾನೇಜರ್ ಆಗಿಬಿಟ್ಟ. ಬಣ್ಣದ ಬಲ್ಬುಗಳ ಅನುಭವ ಇತ್ತಲ್ಲ, ಪರದೆಯ ಚುಕ್ಕಿಗಳನ್ನೂ ಅದೇ ಕಣ್ಣಿಂದ ನೋಡಿದ. ಎಲ್ಲ ಒಂದೇ ಬಣ್ಣದಲ್ಲಿ ಉರಿಯಬೇಕು, ಅಷ್ಟೇ. ಆಫೀಸಿಗೆ ಯಾರೇ ಬರಲಿ, ಪರದೆಯ ಮುಂದೆ ನಿಲ್ಲಿಸಿ ಕೈ ಬೀಸಿ, "ಅಂತಾ ಬಾಗುಂದಿ" ಎನ್ನುತ್ತಿದ್ದ. ಎಲ್ಲ ಚೆನ್ನಾಗಿದೆ ಎಂಬ ಆ ತೆಲುಗು ಮಾತನ್ನು ಅವನ ಬಾಯಲ್ಲಿ ಕೇಳಿ ಕೇಳಿ ನನಗೆ ಆ ಭಾಷೆಯ ಮೇಲೇ ಬೇಸರ ಬರುವಂತಾಗಿತ್ತು, ಪಾಪ, ಭಾಷೆ ಏನು ಮಾಡಿತ್ತು.

ಪರದೆ ಬಂದ ಹೊಸದರಲ್ಲೇ ಅವನು ಎಲ್ಲ ಕೇಂದ್ರಗಳಿಂದ ಜನರೇಟರಿನ ಕೀಲಿಗಳನ್ನು ತರಿಸಿ ತನ್ನ ಡ್ರಾಯರಿಗೆ ಹಾಕಿಕೊಂಡ. ಕರೆಂಟು ಹೋದರೆ ಸಾಫ್ಟ್‌ವೇರೇ ಇಲ್ಲಿಂದ ಜನರೇಟರನ್ನು ಎಬ್ಬಿಸುತ್ತದೆ, ಹಳ್ಳಿಯವರ ಕೈಗೆ ಕೀಲಿ ಯಾಕೆ ಎಂದು ಅವನ ವಾದ. ಕಲ್ಯಾಣದುರ್ಗ ಕೇಂದ್ರ ನೋಡಿಕೊಳ್ಳುವ ಭಾರ್ಗವಿ ಒಬ್ಬಳೇ ಬೇಡವೆಂದಳು. ಬಸ್ಸಿನಲ್ಲಿ ಅರ್ಧ ದಿನದ ದಾರಿಯಲ್ಲಿ ಕೀಲಿ ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಿದಳು. ಕಂಬದೂರಿನ ಕಡೆಯ ಕುರಿ ಸಾಕುವ ಪೋತಪ್ಪನ ಮಗಳು ತನಗೆ ಬುದ್ಧಿ ಹೇಳುವುದೇ ಎಂದು ಇವನಿಗೆ ಅಂದೇ ಉರಿದುಹೋಯಿತು.

ಆಯುಧಪೂಜೆ ಬಂತು. ನಮ್ಮ ಕಡೆ ಆ ದಿನ ಯಂತ್ರಗಳಿಗೆ ವಿಶ್ರಾಂತಿ. ನೇಗಿಲಾಗಲಿ ಟ್ರ್ಯಾಕ್ಟರಾಗಲಿ ಕುಂಕುಮ ಇಟ್ಟು ಸುಮ್ಮನೆ ನಿಲ್ಲಿಸುತ್ತಾರೆ. ಒಳ್ಳೆಯ ಪದ್ಧತಿ, ನನ್ನ ತಕರಾರಿಲ್ಲ. ಆದರೆ ಹಸುಗಳಿಗೆ ಆಯುಧಪೂಜೆ ಇಲ್ಲ, ಅವು ಆ ದಿನವೂ ಹಾಲು ಕೊಡುತ್ತವೆ. ಕೂಲರು ನಿಲ್ಲುವಂತಿಲ್ಲ. ಹಾಗಾಗಿ ಆಫೀಸಿನ ಕಂಪ್ಯೂಟರುಗಳನ್ನು ಆರಿಸಿ ಪೂಜೆ ಮಾಡೋಣ, ಕೇಂದ್ರಗಳ ತಂಟೆ ಬೇಡ ಎಂದೆ. ಅವನು ಕೇಳಲಿಲ್ಲ. ಇಲ್ಲಿ ಯಂತ್ರ ಆರಿಸಿದರೆ ಚುಕ್ಕಿಗಳು ಕೆಂಪಾಗುತ್ತವೆ, ಹಬ್ಬದ ದಿನ ಭಾವನ ಮೊಬೈಲು ಕೂಗುತ್ತದೆ, ಅಪಶಕುನ ಎಂದ.

ಅದಕ್ಕೆ ಸಾಫ್ಟ್‌ವೇರಿನಲ್ಲೇ ದಾರಿ ಇದೆ. ರಿಪೇರಿ ಮಾಡುವಾಗ ಯಂತ್ರವನ್ನು 'ಮೆಂಟೆನೆನ್ಸ್'ಗೆ ಹಾಕಬಹುದು. ಆಗ ಸಾಫ್ಟ್‌ವೇರು ಆ ಯಂತ್ರವನ್ನು ವಿಚಾರಿಸುವುದೂ ಇಲ್ಲ, ಎಬ್ಬಿಸುವುದೂ ಇಲ್ಲ, ಕೊನೆಯ ಸಲ ಕಂಡದ್ದನ್ನೇ ತೋರಿಸುತ್ತ ಕೂರುತ್ತದೆ. ನೋಡುವವರಿಗೆ ತಿಳಿಯಲೆಂದು ಚುಕ್ಕಿ ನೀಲಿಯಾಗುತ್ತದೆ. ಲಕ್ಷ್ಮೀಕಾಂತ್ ಆಫೀಸಿನ ಯಂತ್ರಗಳನ್ನಷ್ಟೇ ಅಲ್ಲ, ಎಲ್ಲ ಊರುಗಳ ಎಲ್ಲ ಯಂತ್ರಗಳನ್ನೂ ಒಂದೇ ಏಟಿಗೆ ಮೆಂಟೆನೆನ್ಸ್‌ಗೆ ಹಾಕಿದ. ಪರದೆಯೆಲ್ಲ ನೀಲಿಯಾಯಿತು. ಅದನ್ನು ಕಂಡವನೇ ಬೆಚ್ಚಿದ.

"ನೀಲಿ ಶನಿ ಬಣ್ಣ ಕಣಮ್ಮ," ಎಂದ. "ಹಬ್ಬದ ದಿವ್ಸ ಗೋಡೆ ಮ್ಯಾಲೆ ಶನೀನ ಕುಂಡ್ರುಸ್ಕಂಡು ಪೂಜೆ ಮಾಡಾಕಾಯ್ತದಾ? ಹಸಿರು ಮಾಡ್ಬುಡು."

ನಾನು ಮಾಡುವುದಿಲ್ಲ ಎಂದೆ. ಹಾಗೆ ಮಾಡಿದರೆ ಬದುಕಿದ್ದಕ್ಕೂ ಸತ್ತಿದ್ದಕ್ಕೂ ವ್ಯತ್ಯಾಸ ಕಾಣುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವನು ಸಾಫ್ಟ್‌ವೇರು ಮಾರಿದ ಕಂಪನಿಗೆ ಫೋನು ಹಚ್ಚಿ ಅವರಿಂದಲೇ ನೀಲಿಯನ್ನು ಹಸಿರು ಮಾಡಿಸಿಕೊಂಡ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಿರಾಕಿಗಳು ಅಲ್ಲೂ ಇದ್ದರು. ಕೊನೆಗೆ, ಹಬ್ಬ ಮುಗಿದ ಕೂಡಲೇ ತಾನಾಗಿ ತೆಗೆಯುವಂತೆ ಹೊತ್ತನ್ನಾದರೂ ಗೊತ್ತು ಮಾಡಿ ಎಂದೆ. ಪೂಜೆಗೆ ಕೂರಿಸಿದ ಯಂತ್ರವನ್ನು ಭಾವನೇ ಬಂದು ಕಾಯಿ ಒಡೆದು ಎಬ್ಬಿಸಬೇಕು, ಅದಾಗಿಯೇ ಏಳಬಾರದು ಎಂದು ಹೊತ್ತು ತುಂಬುವ ಜಾಗವನ್ನು ಖಾಲಿ ಬಿಟ್ಟ. ಪಾಸ್‌ವರ್ಡು ಅವನೊಬ್ಬನ ಹತ್ತಿರವೇ ಇತ್ತು. ಪರದೆಗೆ ಅರಿಶಿನ ಕುಂಕುಮ ಇಟ್ಟು, ಕುಂಬಳಕಾಯಿ ನಿವಾಳಿಸಿ ಬಾಗಿಲಲ್ಲಿ ಒಡೆದ. ನಾನು ರಜೆ ಹಾಕಿ ಪರಿಗಿಯ ತವರಿಗೆ ಹೋದೆ.

ವಿಜಯದಶಮಿಯ ಬೆಳಿಗ್ಗೆ ಕಲ್ಯಾಣದುರ್ಗದಲ್ಲಿ ಕರೆಂಟು ಹೋಯಿತು. ಜನರೇಟರು ಏಳಲಿಲ್ಲ. ಏಳಿಸಬೇಕಾದ ಸಾಫ್ಟ್‌ವೇರು ಹಸಿರು ಬಣ್ಣ ಬಳಿದುಕೊಂಡು ಹಬ್ಬ ಮಾಡುತ್ತಿತ್ತು. ಭಾರ್ಗವಿ ಐಸು ತರಿಸಿ ಕೂಲರಿನ ಸುತ್ತ ಪೇರಿಸಿದಳು, ಹಾಲು ಹಾಕುವವರನ್ನು ಬಾಗಿಲಲ್ಲೇ ನಿಲ್ಲಿಸಿದಳು, ಮತ್ತೆ ಮತ್ತೆ ಹಿಂದೂಪುರಕ್ಕೆ ಫೋನು ಮಾಡಿದಳು. ಲಕ್ಷ್ಮೀಕಾಂತ್ ಆಫೀಸಿನಲ್ಲೇ ಇದ್ದ, ಮನೆಯಿಂದ ತರಿಸಿಕೊಂಡ ಹೋಳಿಗೆ ತಿನ್ನುತ್ತ ಕೂತಿದ್ದ. ಆಮೇಲೆ ತಾನೇ ಇದನ್ನು ನನಗೆ ಹೇಳಿಕೊಂಡು ನಕ್ಕ, ಅದಕ್ಕೇ ಗೊತ್ತು.

"ಸಾರ್, ಜನರೇಟರ್ ಎದ್ದಿಲ್ಲ. ಹಾಲು ಬೆಚ್ಚಗಾಗ್ತಾ ಐತೆ," ಎಂದಳಂತೆ ಅವಳು.

"ಏನೂ ಆಗಿಲ್ಲ ಕಣಮ್ಮ. ಕಲ್ಯಾಣದುರ್ಗ ಹಸಿರೈತೆ, ನಾಕು ಡಿಗ್ರಿ ಐತೆ."

"ನಾನು ಕೂಲರ್ ಮುಂದೆ ನಿಂತಿದೀನಿ ಸಾರ್."

"ನಾನು ಪರದೆ ಮುಂದೆ ಕುಂತಿದೀನಿ," ಎಂದು ಇವನು ಫೋನಿಟ್ಟ.

ಮಧ್ಯಾಹ್ನದ ಹೊತ್ತಿಗೆ ಕೂಲರಿನ ಹಾಲೆಲ್ಲ ಒಡೆದುಹೋಯಿತು. ಕಾಮಾಲೆಯವನ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ಇವನ ಕಣ್ಣಿಗೆ ಒಡೆದ ಹಾಲು ಕೂಡ ಹಸಿರೇ. ಕೂಲರು ನಾಲ್ಕೇ ಡಿಗ್ರಿಯಲ್ಲಿತ್ತು ಎಂದು ಪರದೆ ಹೇಳುತ್ತಿರುವಾಗ ಹಾಲು ಕೆಟ್ಟಿತೆಂದರೆ ತಪ್ಪು ಹಾಲು ಕೊಂಡವಳದ್ದು: ಒಂದೋ ನೀರು ಬೆರೆಸಿದ್ದಾಳೆ, ಇಲ್ಲ ಹಳಸಿದ ಹಾಲನ್ನು ಕೊಂಡು ಒಳಗೆ ಸುರಿದಿದ್ದಾಳೆ. ಹೀಗೆಂದು ಲೆಕ್ಕ ಹಾಕಿ ಅವನು ಭಾವನಿಗೆ ವರದಿ ಒಪ್ಪಿಸಿದ. ಸಂಜೆಯೊಳಗೆ ಆ ಮಾತು ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲೂ ಕಂಬದೂರಿನ ಆಟೋಗಳಲ್ಲೂ ಓಡಾಡಿತು. ಹಾಲಿನ ಕೆಲಸದಲ್ಲಿರುವವರಿಗೆ ಕಳ್ಳಿ ಎಂದರೂ ತಡೆದುಕೊಳ್ಳಬಹುದು, ನೀರು ಬೆರೆಸಿದಳು ಎಂದರೆ ಆ ಊರಲ್ಲಿ ಮತ್ತೆ ಯಾರೂ ಅವಳ ಕೈಗೆ ಕ್ಯಾನು ಕೊಡುವುದಿಲ್ಲ. ಪೋತಪ್ಪ ಕುರಿ ಹೊಡೆದುಕೊಂಡು ಹೋಗುವಾಗ ಜನ ಅವನನ್ನೇ ನಿಲ್ಲಿಸಿ ಕೇಳಿದರಂತೆ.

ಹಬ್ಬ ಮುಗಿದು ಆಫೀಸು ತೆರೆದ ದಿನ ಭಾರ್ಗವಿಯನ್ನು ಹಿಂದೂಪುರಕ್ಕೆ ಕರೆಸಿದರು. ಚೆನ್ನಕೇಶವ ಅವರು ರೇಷ್ಮೆ ಶಲ್ಯ ಹೊದ್ದು ಬಂದಿದ್ದರು, ಪರದೆಯ ಮುಂದೆ ತಟ್ಟೆಯಲ್ಲಿ ಕಾಯಿ, ಕರ್ಪೂರ ತಯಾರಿತ್ತು. ಮೊದಲು ಕೆಟ್ಟ ಕೆಲಸ ಮುಗಿಸಿಬಿಡೋಣ, ಆಮೇಲೆ ಕಾಯಿ ಒಡೆಯೋಣ ಎಂದರು ಅವರು. ಕೆಟ್ಟ ಕೆಲಸವೆಂದರೆ ಅವಳನ್ನು ಕೆಲಸದಿಂದ ತೆಗೆಯುವುದು. ತೀರ್ಮಾನ ಆಗಿಹೋಗಿತ್ತು, ವಿಚಾರಣೆ ಅನ್ನುವುದು ಬರೀ ಮರ್ಯಾದೆಗೆ. ಭಾರ್ಗವಿ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಕೆಲಸ ಬೇಕಾದರೆ ತೆಗೆಯಿರಿ, ನೀರು ಹಾಕಿದೆ ಎನ್ನುವ ಮಾತನ್ನು ಮಾತ್ರ ವಾಪಸ್ ತಗೊಳ್ಳಿ ಎಂದಳು.

ಕಲ್ಯಾಣದುರ್ಗದ ಕೂಲರಿನ ಆ ದಿನದ ತಾಪಮಾನದ ಗೆರೆಯನ್ನು ಪರದೆಗೆ ತರಲು ನನಗೆ ಹೇಳಿದರು. ತಂದೆ. ಹೊಸ ಹಾಲು ಸುರಿದಾಗಲೆಲ್ಲ ಕೂಲರಿನ ಗೆರೆ ಒಂದಿಷ್ಟು ಏರಿ ಇಳಿಯಬೇಕು. ಇದು ಆಯುಧಪೂಜೆಯ ಹೊತ್ತಿನಿಂದ ಈ ಕ್ಷಣದವರೆಗೆ ಸ್ಕೇಲು ಇಟ್ಟು ಎಳೆದಂತಿತ್ತು. ಆಗ ನನಗೆ ಹೊಳೆಯಿತು: ಇವನು ಇನ್ನೂ ಮೆಂಟೆನೆನ್ಸನ್ನು ತೆಗೆದೇ ಇಲ್ಲ. ಕಾಯಿ ಒಡೆಯದೆ ತೆಗೆಯುವವನೂ ಅಲ್ಲ. ಅವನನ್ನು ಪಕ್ಕಕ್ಕೆ ಕರೆದು, ನೀವೇ ಹೇಳುತ್ತೀರೋ ನಾನು ಹೇಳಲೋ ಎಂದೆ. ಬಾಯಿ ಮುಚ್ಚಿಕೊಂಡು ಕೂರಲು ಹೇಳಿದ. ಯಾರ ಅನ್ನ ತಿನ್ನುತ್ತಿದ್ದೇನೆ ಎಂದೂ ನೆನಪಿಸಿದ. ಶಾಮಿಯಾನದ ಕಂಬಕ್ಕಾದರೂ ತಾನು ಹೊತ್ತಿರುವುದು ಏನೆಂದು ಗೊತ್ತಿರುತ್ತದೆ. ಇವನಿಗೆ ಅದೂ ಇಲ್ಲ.

ನಾನು ಓನರ ಮುಂದೆ ಬಂದು ನಿಂತೆ. ಮೆಂಟೆನೆನ್ಸು, ನೀಲಿ, ಶನಿ ಎಂದು ಶುರು ಮಾಡಿದರೆ ಬಾಮೈದ ನಡುವೆ ಬಾಯಿ ಹಾಕುತ್ತಾನೆ, ಭಾವ ತಲೆ ಆಡಿಸುತ್ತಾರೆ, ಅಷ್ಟರಲ್ಲಿ ಕರ್ಪೂರ ಹಚ್ಚಿಯಾಗಿರುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ಸಾರ್, ಪರದೆ ಮ್ಯಾಲೆ ನಮ್ಮ ಹಿಂದೂಪುರದ ಬಿಲ್ಲಿನ ದೊಡ್ಡ ಸರ್ವರಿಂದು ಚುಕ್ಕಿ ಐತೆ. ಅದನ್ನೇ ನೋಡ್ತಾ ಇರಿ," ಎಂದು ಹೇಳಿ, ಮೂಲೆಯ ಗಾಜಿನ ಬೀರು ತೆಗೆದು ಆ ಸರ್ವರಿನ ಕೇಬಲ್ಲನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೆ.

ಮುಂದಿನ ಕೋಣೆಯಲ್ಲಿ ಲಾರಿಗಳಿಗಾಗಿ ಕಾಯಿಗೆ ಕಾಯದೆ ಹಚ್ಚಿದ್ದ ಬಿಲ್ಲಿನ ಕಂಪ್ಯೂಟರುಗಳೆಲ್ಲ ನಿಂತವು. ಬಿಲ್ಲಿನ ಉಡುಸಲಮ್ಮ ಬಾಗಿಲಿಗೆ ಬಂದು, ಏನೂ ಓಡುತ್ತಿಲ್ಲ, ಲಾರಿಯವರು ಕಾಯುತ್ತಿದ್ದಾರೆ ಎಂದಳು. ಚೆನ್ನಕೇಶವ ಅವರು ಅವಳನ್ನು ನೋಡಿದರು, ನನ್ನ ಕೈಯ ಕೇಬಲ್ಲು ನೋಡಿದರು, ಪರದೆ ನೋಡಿದರು. ಹಿಂದೂಪುರದ ಚುಕ್ಕಿ ಹಸಿರಾಗೇ ಇತ್ತು. ಅವರ ಮೊಬೈಲು ಕೂಗಲಿಲ್ಲ. ಸ್ವಲ್ಪ ಹೊತ್ತು ಕಾದರು, ಆಗಲೂ ಹಸಿರು. ಯಾವಾಗಿನಿಂದ ಹೀಗೆ ಎಂದು ಕೇಳಿದರು. ಆಯುಧಪೂಜೆಯಿಂದ, ಎಲ್ಲ ಊರುಗಳದ್ದೂ ಹೀಗೇ ಎಂದೆ.

"ಕಾಯಿ ಒಡೆದಿಲ್ವಲ್ಲ ಭಾವ, ಅದ್ಕೇ ಅಂಗಾಗೈತೆ," ಎಂದ ಲಕ್ಷ್ಮೀಕಾಂತ್. ಅವನು ಮನಸಾರೆ ಹೇಳಿದ. ಅವನ ಮೇಲೆ ನನಗಿದ್ದ ತಿರಸ್ಕಾರ ಇದಕ್ಕಿಂತ ಹೆಚ್ಚಾಗಲಾರದು ಎಂದುಕೊಂಡಿದ್ದೆ, ಆಯಿತು.

ಓನರು ಬೆವರು ಒರೆಸಿಕೊಂಡರು. ಬಾಮೈದನನ್ನು ಬೈದರೆ ಮನೆಯಲ್ಲಿ ಊಟವಿಲ್ಲ, ಬೈಯದಿದ್ದರೆ ನಮ್ಮೆದುರು ಮುಖವಿಲ್ಲ. ದೊಡ್ಡವರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಅವರೂ ಮಾಡಿದರು. ಆದದ್ದು ಆಯಿತು, ಕೆಲಸಕ್ಕೆ ವಾಪಸ್ ಹೋಗಮ್ಮ, ಹೊರಗೆ ಇದನ್ನೆಲ್ಲ ಹೇಳುತ್ತ ತಿರುಗಬೇಡ, ಎಲ್ಲ ಸರಿಹೋಯಿತು ಎಂದರು.

"ಸರಿಹೋಯ್ತು ಅಂತ ಯಾರು ಹೇಳಿದ್ದು ಸಾರ್?" ಎಂದಳು ಭಾರ್ಗವಿ. "ಆ ಪರದೇನಾ?"

ಅವಳು ಎರಡು ಕೇಳಿದಳು. ಜನರೇಟರಿನ ಕೀಲಿ ಈಗಲೇ ತನ್ನ ಕೈಗೆ ಬರಬೇಕು. ನೀರಿನ ಮಾತು ಹುಟ್ಟಿಸಿದವನು ಕಲ್ಯಾಣದುರ್ಗಕ್ಕೆ ಬಂದು, ಹಾಲು ಹಾಕುವವರ ಮುಂದೆ ನಿಂತು, ತಪ್ಪು ತನ್ನದೆಂದು ಹೇಳಬೇಕು. ಇಲ್ಲವಾದರೆ ತಾನು ಬರುವುದಿಲ್ಲ, ಕೇಂದ್ರಕ್ಕೆ ಬೀಗ ಹಾಕಿಕೊಳ್ಳಿ ಎಂದಳು. ಅವಳನ್ನು ಬಿಟ್ಟು ಆ ಕಡೆಯ ಹಾಲು ಬರುವುದಿಲ್ಲ ಎಂದು ಓನರಿಗೆ ಯಾವ ಚುಕ್ಕಿಯೂ ಹೇಳಬೇಕಿರಲಿಲ್ಲ. ಡ್ರಾಯರು ತೆಗೆಸಿ ಕೀಲಿಯನ್ನು ಅವಳಿಗೆ ಕೊಡಿಸಿದರು, ಬಾಮೈದನನ್ನು ಕಾರಿಗೆ ಹತ್ತಿಸಿದರು. ಕೇಬಲ್ಲನ್ನು ಅದರ ಜಾಗಕ್ಕೆ ಚುಚ್ಚಿ ನಾನೂ ಹೊರಟೆ, ಇವನು ಹೇಳಬೇಕಾದ್ದನ್ನು ಹೇಳುತ್ತಾನೋ ಇಲ್ಲವೋ ನೋಡಿ ಬಾ ಎಂದು ನನ್ನನ್ನೂ ಕಾರಿಗೆ ಹತ್ತಿಸಿದ್ದರು. ಕಾಯಿ ತಟ್ಟೆಯಲ್ಲೇ ಉಳಿಯಿತು.

ಕಲ್ಯಾಣದುರ್ಗ ಮುಟ್ಟುವಾಗ ಸಂಜೆಯ ಹಾಲಿನ ಹೊತ್ತು. ಸುದ್ದಿ ಮುಂಚೆಯೇ ಹೋಗಿತ್ತು, ಕೇಂದ್ರದ ಮುಂದೆ ಕ್ಯಾನು ಇಟ್ಟುಕೊಂಡು ಜನ ನಿಂತಿದ್ದರು. ಯಾರೂ ಹಾಲು ಅಳೆಸಿರಲಿಲ್ಲ. ಎಲ್ಲರಿಗಿಂತ ಮುಂದೆ ಆದೆಮ್ಮ ಇದ್ದಳು, ಎರಡು ಎಮ್ಮೆಯ ಹಾಲು ಹಾಕುವ ಮುದುಕಿ, ಹಾಲು ಒಡೆದ ದಿನ ಭಾರ್ಗವಿಗೆ ಎಲ್ಲರಿಗಿಂತ ಜಾಸ್ತಿ ಬೈದವಳು. ಪೋತಪ್ಪ ದೂರದಲ್ಲಿ, ರಸ್ತೆಯ ಆಚೆ ಬದಿಗೆ ನಿಂತಿದ್ದ.

ಲಕ್ಷ್ಮೀಕಾಂತ್ ಮೆಟ್ಟಿಲ ಮೇಲೆ ನಿಂತು ಗಂಟಲು ಸರಿ ಮಾಡಿಕೊಂಡ. ಸಾಫ್ಟ್‌ವೇರು ಎಂದ, ಟೆಂಪರೇಚರು ಎಂದ, ಹಬ್ಬದ ರಶ್ಶು ಎಂದ. ಆಮೇಲೆ ಜೇಬಿನಿಂದ ಮೊಬೈಲು ತೆಗೆದು ಹಸಿರು ಚುಕ್ಕಿಗಳನ್ನು ನೋಡತೊಡಗಿದ. ಎದುರಿಗೇ ಕೂಲರು, ಎದುರಿಗೇ ಜನ, ಮಹರಾಯ ಕಲ್ಯಾಣದುರ್ಗ ಹೇಗಿದೆ ಎಂದು ಹಿಂದೂಪುರವನ್ನು ಕೇಳುತ್ತಿದ್ದ.

"ಅದ್ರಾಗೇನ್ ನೋಡ್ತೀಯಪ್ಪ," ಎಂದಳು ಆದೆಮ್ಮ. "ನಾವ್ ಇಲ್ಲಿದ್ದೀವಿ."

ಅವನು ತಲೆ ಎತ್ತಿದ. ಭಾರ್ಗವಿ ನೀರು ಹಾಕಿರಲಿಲ್ಲ, ಫೋನು ಮಾಡಿದ್ದಳು, ತಾನೇ ನಂಬಲಿಲ್ಲ ಎಂದು ನೆಲ ನೋಡಿಕೊಂಡು ಹೇಳಿದ. ಕೇಳಿಸಲಿಲ್ಲ ಎಂದು ಹಿಂದಿನವರು ಕೂಗಿದ್ದಕ್ಕೆ ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಾಯಿತು. ಭಾರ್ಗವಿ ಕೀಲಿಯನ್ನು ಹಳೆಯ ಮೊಳೆಗೆ ತಗುಲಿಸಿ ಬಂದು ಕೈ ಚಾಚಿದಳು. ಆದೆಮ್ಮ ತನ್ನ ಕ್ಯಾನನ್ನು ಎತ್ತಿ ಅವಳ ಕೈಗೆ ಕೊಟ್ಟಳು.