ಕರಿ ಐದು

ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನ ಕ್ಲಬ್ಬಿನಲ್ಲಿ, ವೇದಿಕೆಯ ನಡುವೆ ರಗ್ಗು ಹೊದಿಸಿ ನಿಲ್ಲಿಸಿದ ದೊಡ್ಡ ಪೆಟ್ಟಿಗೆಯನ್ನು ಕಂಡು, ಕ್ಯಾಸಿಯೊ ಕೀಬೋರ್ಡು ಹೊತ್ತು ಬಂದ ದೇವಕಮ್ಮ ಬಾಗಿಲಲ್ಲೇ ನಿಂತಳು. ರಗ್ಗಿನ ಕೆಳಗೆ ಎರಡು ಪೆಡಲುಗಳು ಇಣುಕುತ್ತಿದ್ದವು.

"ವೈನಿ, ಇವತ್ತ ಕ್ಯಾಸಿಯೊ ಬಿಚ್ಚಬ್ಯಾಡ್ರಿ," ಅಂದ ಹೆಡ್‌ಕ್ಲರ್ಕ್ ದುರಗಪ್ಪ. ಅಂದು ಅವನ ನಿವೃತ್ತಿಯ ಸಮಾರಂಭ. "ಅಣ್ಣನ ಹಳೇ ಕಾಲ್ಪೆಟಗಿ ಗೋದಾಮಿನ್ಯಾಗ ಬಿದ್ದಿತ್ತು. ರಿಪೇರಿ ಮಾಡಿಸೀನಿ. ಒಂದ ಸ್ವರಾನೂ ಹೆಚ್ಚುಕಮ್ಮಿ ಇಲ್ಲ. ಅವಗ ಹೇಳಬ್ಯಾಡ್ರಿ ಮತ್ತ."

ದೇವಕಮ್ಮ ನಗಲು ನೋಡಿದಳು, ಆಗಲಿಲ್ಲ.

ಕಾಲುವೆ ಅಗೆಯುವ ಕಾಲದಲ್ಲಿ ಈ ಕ್ಯಾಂಪಿಗೆ ರಾಜನಿದ್ದರೆ ಅವನು ದೇವಕಮ್ಮನ ಗಂಡ ಅಮಾತೆಪ್ಪನೇ. ಬಳಿಚಕ್ರ ಎಂಬ ಹಳ್ಳಿಯಿಂದ ಮಣ್ಣು ಹೊರಲು ಬಂದವನು, ಮುಳುಗಿದ ನಾಟಕ ಕಂಪನಿಯೊಂದು ಬಿಟ್ಟುಹೋದ ಕಾಲು ಹಾರ್ಮೋನಿಯಂ ಹಿಡಿದ. ಕೂತು ಬಾರಿಸುವ ಪೆಟ್ಟಿಗೆಯನ್ನು ನಿಂತು ಬಾರಿಸಿದ. ಸ್ಟೂಲು ಒದ್ದು ಕೆಡವಿದ, ಮೊಣಕೈಯಿಂದ ಬಾರಿಸಿದ, ಹುಕಿ ಬಂದರೆ ಬೂಟುಗಾಲನ್ನೇ ಪೆಟ್ಟಿಗೆಯ ಮನೆಗಳ, ಅಂದರೆ ಕಪ್ಪು-ಬಿಳಿ ಕೀಗಳ, ಮೇಲಿಟ್ಟ. ಜರಿ ಕೋಟು, ಕಣ್ಣಿಗೆ ಕಾಡಿಗೆ, ಹೆಂಗಸರಿಗಿಂತ ಎತ್ತರದ ಹಿಮ್ಮಡಿ. ಶಹಾಪುರ, ಯಾದಗಿರಿಗಳಿಂದ ಟ್ರಕ್ಕು ಹತ್ತಿ ಬಂದ ಜನ ಅವನನ್ನು 'ರಾಕ್ ಅಮಾತೆಪ್ಪ' ಅಂದರು. ಹಾಡುವವರು ಮಾತ್ರ 'ಕರಿ ಐದು' ಅನ್ನುತ್ತಿದ್ದರು. ಯಾರು ಪೆಟ್ಟಿಗೆಯ ಯಾವ ಮನೆಯಿಂದ ಹಾಡು ಎತ್ತುತ್ತಾರೋ ಅದರ ಮೇಲೆಯೇ ಅಲ್ಲಿ ಗಂಟಲಿನ ಬೆಲೆ. ಐದನೇ ಕಪ್ಪು ಮನೆಯಿಂದ ಎತ್ತಿ ಮೇಲಕ್ಕೆ ಹೋಗಿ ಬರುವ ಗಂಡಸು ಸುತ್ತಲ ಮೂರು ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಕಾಲುವೆ ಮುಗಿಯಿತು. ನೀರು ಬಂತು, ಜನ ಹೋದರು. ಕ್ವಾರ್ಟರ್ಸಿನ ಕಿಟಕಿಗಳಲ್ಲಿ ಪಾರಿವಾಳಗಳು ಮರಿ ಮಾಡಿದವು. ಅಮಾತೆಪ್ಪ ಸುರಪುರದಲ್ಲಿ ಮನೆ ಮಾಡಿ, ಕ್ಯಾಸಿಯೊ ಕೊಂಡು, ಸಿಕ್ಕಿದ ಮದುವೆಗಳಲ್ಲಿ ಹಾಡಿಕೊಂಡು ಬಂದ. ಏಳು ವರ್ಷದ ಹಿಂದೆ ತಿಂಥಣಿಯ ಜಾತ್ರೆಯಲ್ಲಿ ಹಾಡುವಾಗ ಅವನ ಗಂಟಲು ಮೊದಲ ಸಲ ಹರಿಯಿತು. ಹೊಳೆಯ ದಂಡೆಯಲ್ಲಿ ಕೂತು, "ಕರಿ ಐದು ಹೋದ ದಿನ ನಾ ಬಾಯಿ ತೆರಿಯಾಂಗಿಲ್ಲ, ದೇವಕಿ," ಅಂದಿದ್ದ.

ಅವನು ವಾದ್ಯದ ವೈರು ಮುಟ್ಟಿದವನಲ್ಲ. ಕ್ಯಾಸಿಯೊ ಹೊತ್ತು, ಸ್ಟ್ಯಾಂಡಿಗೇರಿಸಿ, ಜೋಡಿಸುವುದು ಹೆಂಡತಿಯ ಕೆಲಸ. ಡೋಲು, ತಮಟೆ, ಡ್ರಮ್ಮು ಎಲ್ಲ ಅವನ ಜೊತೆಗೆ ಬಾರಿಸುವ ಜಲಾಲುದ್ದೀನನದು. ಎಲ್ಲ ಸಿದ್ಧವಾದ ಮೇಲೆ ರಾಜ ಬರಬೇಕು. ಹಾಗಾಗಿ ಅವನ ಹಾಡು ನಿಲ್ಲದಂತೆ ನೋಡಿಕೊಳ್ಳುವುದು ದೇವಕಮ್ಮನಿಗೆ ಸುಲಭವಾಯಿತು. ಕ್ಯಾಸಿಯೊದಲ್ಲೊಂದು ಗುಂಡಿಯಿತ್ತು. ಅದನ್ನೊತ್ತಿದರೆ ಬೆರಳು ಐದನೇ ಕಪ್ಪು ಮನೆಯಲ್ಲೇ ಇದ್ದು ಧ್ವನಿ ಒಂದು ಮೆಟ್ಟಿಲು ಕೆಳಗೆ ಬರುತ್ತಿತ್ತು. ಮೊದಲ ವರ್ಷ ಒಂದು ಮೆಟ್ಟಿಲು ಇಳಿಸಿದಳು. ಆಮೇಲೆ ಇನ್ನೊಂದು. ಸಂಖ್ಯೆ ತೋರಿಸುವ ಗಾಜಿನ ಮೇಲೆ ತನ್ನ ಹಣೆಯ ಟಿಕಳಿ ಅಂಟಿಸಿದಳು. ದೃಷ್ಟಿಯಾಗಬಾರದೆಂದು, ಅಂದಳು. ಲೌಡ್‌ಸ್ಪೀಕರಿನ ಪಕ್ಕದಲ್ಲಿ ಇಪ್ಪತ್ತು ವರ್ಷ ನಿಂತ ಕಿವಿಗೆ ಅಷ್ಟು ನಿಧಾನದ ಇಳಿತ ತಿಳಿಯಲಿಲ್ಲ. ಈಗ ನಾಲ್ಕು ಮೆಟ್ಟಿಲಾಗಿತ್ತು.

ಕಾಲ್ಪೆಟ್ಟಿಗೆಗೆ ಗುಂಡಿಯಿಲ್ಲ.

ಅವಳು ಹಿಂದಿನ ಕೋಣೆಗೆ ಹೋದಳು. ಅಮಾತೆಪ್ಪ ಕನ್ನಡಿ ಮುಂದೆ ಕಾಡಿಗೆ ತೀಡುತ್ತಿದ್ದ.

"ರೀ, ಇವತ್ತ ಕರಿ ಮೂರರಾಗ ಹಾಡ್ರಿ."

"ಯಾಕ, ಭಜನಿ ಅದ ಏನು?"

"ನೆಗಡಿ ಆಗಿತ್ತಲ್ಲ ನಿಮಗ."

"ನೆಗಡಿ ಮೂಗಿಗೆ ಆಗ್ಯಾದ. ಮೂಗಿಲೆ ಹಾಡತೀನೇನು ನಾ?" ಅವನು ನಕ್ಕು ಕೋಟಿನ ಗುಂಡಿ ಹಾಕಿಕೊಂಡ. ಅರವತ್ತೆರಡರ ಮುಖ ಹುಡುಗನದಾಗಿತ್ತು. ಅಷ್ಟು ಖುಷಿಯನ್ನು ಕಂಡು, ನಿಜ ಅವಳ ಬಾಯಿಗೆ ಬಂದು ಹಿಂದಕ್ಕೆ ಹೋಯಿತು.

ರಗ್ಗು ಎಳೆದಾಗ ಅಮಾತೆಪ್ಪ ಹಾಗೇ ನಿಂತ. ಆಮೇಲೆ ದುರಗಪ್ಪನನ್ನು ತಬ್ಬಿಕೊಂಡ, ಸ್ಟೂಲು ಒದ್ದ. ಕ್ಯಾಂಪಿನಲ್ಲಿ ಉಳಿದಿದ್ದ ನಲವತ್ತು ಜನ ಸಿಳ್ಳೆ ಹಾಕಿದರು. ಕಾಲುವೆ ಅಗೆಯುವಾಗ ತಾನೇ ಕಟ್ಟಿದ, 'ನೀರು ಬರ್ತದ' ಎಂಬ ಹಾಡನ್ನು ಕರಿ ಐದರಿಂದ ಎತ್ತಿದ.

ಮೊದಲ ಸಾಲು ಹೇಗೋ ದಾಟಿತು. ಮೇಲಕ್ಕೆ ಹೋಗಬೇಕಾದಲ್ಲಿ ಗಂಟಲು ಒಡೆಯಿತು. ಹಳೇ ಬಟ್ಟೆ ಹರಿದಂಥ ಸದ್ದು. ಕೆಮ್ಮಿ ಮತ್ತೆ ಎತ್ತಿದ, ಮತ್ತೆ ಒಡೆಯಿತು. ಮೂರನೇ ಸಲ ದುರಗಪ್ಪ ಮುಚ್ಚಿಹಾಕಲೆಂದು ತಾನೇ ಗಟ್ಟಿಯಾಗಿ ಹಾಡತೊಡಗಿದ, ಜನ ತಾಳ ಹಾಕಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಅಮಾತೆಪ್ಪ ಹಾಡು ಬಿಟ್ಟ. ಬೆರಳು ಐದನೇ ಕಪ್ಪು ಮನೆಯ ಮೇಲೆಯೇ ಇತ್ತು, ಕಾಲು ಪೆಡಲು ತುಳಿಯುತ್ತಲೇ ಇತ್ತು. ಕ್ಯಾಸಿಯೊದ ಐದನೇ ಮನೆಗಿಂತ ಎತ್ತರವಿದ್ದ ಅದೊಂದೇ ಸ್ವರ ಕೇಳುತ್ತ ಅವನು ಜಲಾಲುದ್ದೀನನ ಕಡೆ ನೋಡಿದ. ಜಲಾಲುದ್ದೀನ ತಲೆ ತಗ್ಗಿಸಿದ. ಆಮೇಲೆ ಅಮಾತೆಪ್ಪ ಹೆಂಡತಿಯ ಕಡೆ ನೋಡಿದ.

ವಾಪಸು ಸುರಪುರಕ್ಕೆ ಹೋಗುವ ಟೆಂಪೊದಲ್ಲಿ ಅವನೇ ಕ್ಯಾಸಿಯೊ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಬ್ಯಾಟರಿ ಸೆಲ್ಲಿನ ಮೇಲೆ ಚಾಲೂ ಮಾಡಿದ. ಉಗುರಿನಿಂದ ಟಿಕಳಿ ಕಿತ್ತ. ಗಾಜಿನಲ್ಲಿ ನಾಲ್ಕು, ಅದರ ಹಿಂದೊಂದು ಸಣ್ಣ ಕಳೆಯುವ ಗೆರೆ.

"ಎಷ್ಟು ವರ್ಷ ಆತು?"

"ಏಳು. ಒಮ್ಮೆಲೆ ಅಲ್ರಿ. ಒಂದೊಂದ ಮೆಟ್ಟಲ."

"ಜಲಾಲಗ ಗೊತ್ತಿತ್ತೇನು?"

ಮುಂದಿನ ಸೀಟಿನಲ್ಲಿದ್ದ ಜಲಾಲುದ್ದೀನ ತಿರುಗಲಿಲ್ಲ. "ಉಸ್ತಾದ, ಮಂದಿ ಖುಷ್ ಇದ್ರು. ನೀವೂ ಖುಷ್ ಇದ್ರಿ."

"ನಾ ಹಾಡಾಕತ್ತೇನಿ ಅನ್ಕೊಂಡಿದ್ದೆ," ಅಂದ ಅಮಾತೆಪ್ಪ.

ಕಾಲುವೆ ರಸ್ತೆಯ ಪಕ್ಕದಲ್ಲೇ ತುಂಬಿ ಹರಿಯುತ್ತಿತ್ತು. ಅವನು ಸಿಟ್ಟಿಲ್ಲದೆ, ಲೆಕ್ಕ ತಪ್ಪಿದವನ ಹಾಗೆ ಹೇಳಿದ: "ಅವತ್ತ ಹೇಳಿದ್ದರ ಬೈತಿದ್ದೆ, ಎಂಟ ದಿನ ಉಪವಾಸ ಬೀಳತಿದ್ದೆ. ಆಮ್ಯಾಲೆ ಒಂದ ಮೆಟ್ಟಲ ಇಳದು ಹಾಡತಿದ್ದೆ. ಈಗ ನಾಲ್ಕೂ ಒಮ್ಮೆಲೆ ಹ್ಯಾಂಗ ಇಳೀಲಿ, ದೇವಕಿ?"

ತಿಂಥಣಿಯ ದಂಡೆಯಲ್ಲಿ ಅವನಾಡಿದ ಮಾತು ದೇವಕಮ್ಮನಿಗೆ ನೆನಪಾಯಿತು. ಹೇಳಿ ಗೆಲ್ಲುವುದೇನೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ದಿನದಂತೆ ಜ್ಯೇಷ್ಠಮಧು ಕುದಿಸಿ, ಸೋಸಿ, ಹಿತ್ತಾಳೆ ಲೋಟದಲ್ಲಿ ಅವನ ಮುಂದಿಟ್ಟಳು. ಇಪ್ಪತ್ತು ವರ್ಷದಿಂದ ಅವನ ಗಂಟಲಿಗೆಂದು ಇಡುತ್ತಿದ್ದ ಕಷಾಯ.

ಅಮಾತೆಪ್ಪ ಲೋಟವನ್ನೇ ನೋಡಿದ. ಕಣ್ಣಿನಲ್ಲಿ ನಿನ್ನೆಯ ಕಾಡಿಗೆ ಇನ್ನೂ ಇತ್ತು.

"ಯಾರಿಗಿದು?" ಅಂದ.

ಕೊಂಕು ಮಾತಲ್ಲ. ನಿಜವಾಗಿ ಕೇಳಿದ್ದ. ಅವನು ಅಂಗಿ ಹಾಕಿಕೊಂಡು ಹೊರಗೆ ಹೋದ ಮೇಲೆ ದೇವಕಮ್ಮ ಬಹಳ ಹೊತ್ತು ಕಾದಳು. ಕಷಾಯ ಆರಿತು. ಚೆಲ್ಲಲು ಕೈ ಬರದೆ ತಾನೇ ಕುಡಿದು, ಲೋಟ ತೊಳೆದು ಬೋರಲು ಹಾಕಿದಳು.