ಇಪ್ಪತ್ತು ಗ್ಯಾಲನ್ನಿನ ಹಂಡೆ

ಬೆಂಕಿ ಆರಿಸುವ ನೊರೆ ತಯಾರಿಸುವ ಕಾರ್ಖಾನೆಯವರು, ಪರೀಕ್ಷೆಗೆಂದು ಎರಚಿದ ನೊರೆಯನ್ನೆಲ್ಲ ಹಿಂಬದಿಯ ಬಯಲಿಗೆ ತೊಳೆದುಬಿಟ್ಟರು. ಅದರ ವಿಷ ನೆಲಕ್ಕಿಳಿದು ಆಲ್ಡರ್ ಬೆಂಡ್ ಊರಿನ ಬಾವಿಗಳನ್ನು ಸೇರಿತು. ಈ ಸಂಗತಿ ಅವರಿಗೆ ಗೊತ್ತಾಗಿ ಎಷ್ಟೋ ವರ್ಷಗಳ ಮೇಲೆ ಊರಿಗೆ ಗೊತ್ತಾಯಿತು.

ಆಮೇಲಿನಿಂದ ಮಂಗಳವಾರ ಮಂಗಳವಾರ ಅವರದೇ ಲಾರಿ ಬಂದು ಮನೆಮನೆಯ ಮೆಟ್ಟಿಲ ಮೇಲೆ ನೀರಿನ ಕ್ಯಾನು ಇಟ್ಟುಹೋಗುತ್ತಿತ್ತು. ಈಗ ಊರ ನೀರಿಗೆ ಶೋಧಕ ಕೂರಿಸಿದ್ದೇವೆ, ನಲ್ಲಿ ನೀರು ಕುಡಿಯಬಹುದು, ಕ್ಯಾನು ನಿಲ್ಲಿಸುತ್ತೇವೆ ಎನ್ನತೊಡಗಿದ್ದರು. ಪರೀಕ್ಷೆಯ ವರದಿ ಎಲ್ಲಿ ಅಂದರೆ ತೋರಿಸುತ್ತಿರಲಿಲ್ಲ. ನಿಲ್ಲಿಸಬೇಕೋ ಬೇಡವೋ ಎಂದು ವಿಚಾರಣೆ ನಡೆಸಿ ತೀರ್ಮಾನಿಸಲು ರಾಜ್ಯದ ಅಧಿಕಾರಿಗಳು ಅಕ್ಟೋಬರಿನಲ್ಲಿ ಊರಿಗೆ ಬರುವವರಿದ್ದರು.

ಆಗಸ್ಟ್‌ನಲ್ಲಿ ಕಾರ್ಖಾನೆಯ ಟ್ರೆವರ್ ಹಾಲಿಸ್ಟರ್ ನಮ್ಮ ಸಂಘಕ್ಕೆ ಬಂದ.

ನಮ್ಮದು ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರ ಸಂಘ. ಗೋರ್ಡಿ ಕ್ರೂಗರ್ ಅಧ್ಯಕ್ಷ, ಅವನ ಕಾರ್ ಶೆಡ್ಡೇ ಕಚೇರಿ. ಅಂಗಡಿಯಲ್ಲಿ ಸಿಗುವ ಡಬ್ಬಿಯ ಪಾಕ ಕಲಸುವವರನ್ನು ನಾವು ಬಿಯರ್ ಮಾಡುವವರೆಂದು ಒಪ್ಪುವುದಿಲ್ಲ. ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿಯನ್ನು ನಾವೇ ನುಚ್ಚು ಮಾಡಿ, ಬಿಸಿನೀರಿನಲ್ಲಿ ಗಂಜಿಯ ಹಾಗೆ ನೆನೆಹಾಕಿ, ಸಿಹಿ ಇಳಿಸಿಕೊಳ್ಳುತ್ತೇವೆ. ನೆನೆಹಾಕಲು ಎಲ್ಲರ ಹತ್ತಿರವೂ ಇದ್ದದ್ದು ಪಿಕ್ನಿಕ್ಕಿಗೆ ಐಸ್ ತುಂಬಿಕೊಂಡು ಹೋಗುವ ಪ್ಲಾಸ್ಟಿಕ್ ಡಬ್ಬ. ಅದಕ್ಕೇ ತೂತು ಕೊರೆದು, ನಲ್ಲಿ ಸಿಕ್ಕಿಸಿ, ಹಂಡೆ ಅಂತ ಕರೆಯುವುದು.

ಹಾಲಿಸ್ಟರ್ ಕುರ್ಚಿಯ ತುದಿಯಲ್ಲಿ ಕೂತು ನಕ್ಕ. "ನಿಮ್ಮ ಸಂಘಕ್ಕೆ ಒಂದು ಹಂಡೆ ಕೊಡ್ತೀವಿ. ಸ್ಟೀಲಿನದು, ಎರಡು ಪದರದ್ದು. ಎಷ್ಟು ದೊಡ್ಡದು ಬೇಕು ಅಂತ ನೀವೇ ಹೇಳಿ. ಸೆಪ್ಟೆಂಬರಿನ ಕಾರ್ಮಿಕ ದಿನದ ಪಿಕ್ನಿಕ್‌ನಲ್ಲಿ, ಪಾರ್ಕಿನಲ್ಲೇ, ಎಲ್ಲರೆದುರಿಗೆ ಮೊದಲನೇ ಸಲ ನೆನೆಹಾಕಿ. ಅಕ್ಟೋಬರ್ ಹೊತ್ತಿಗೆ ಬಿಯರ್ ರೆಡಿ ಇರತ್ತೆ. ಅಧಿಕಾರಿಗಳು ಬಂದಾಗ ಅವರಿಗೂ ಒಂದೊಂದು ಲೋಟ."

ಅವನ ಕಾರು ತಿರುವು ದಾಟಿರಲಿಲ್ಲ, ಶುರುವಾಯಿತು.

"ಇಪ್ಪತ್ತು ಗ್ಯಾಲನ್," ಎಂದ ಗೋರ್ಡಿ. "ದೊಡ್ಡದ್ರಲ್ಲಿ ಕಮ್ಮಿ ಹಾಕ್ಬೋದು. ಚಿಕ್ಕದ್ರಲ್ಲಿ ಜಾಸ್ತಿ ಹಾಕಕ್ಕಾಗತ್ತಾ?"

"ನೀನು ಮಾಡೋದು ಐದು ಗ್ಯಾಲನ್ ಬಿಯರು," ಎಂದ ಡ್ವೇನ್. ಅವನು ಶಾಲಾ ಬಸ್ಸಿನ ಚಾಲಕ, ಗೋರ್ಡಿಯ ಭಾವಮೈದುನ. "ಅಷ್ಟು ನುಚ್ಚನ್ನ ಇಪ್ಪತ್ತರ ಹಂಡೆಗೆ ಹಾಕಿದ್ರೆ ತಳಕ್ಕೆ ಬಳಿದಂಗಿರತ್ತೆ. ಅರ್ಧ ಗಂಟೇಲಿ ತಣ್ಣಗಾಗಿ ಹೋಗತ್ತೆ, ನಿನ್ನ ಮದುವೆ ಥರ."

"ಕ್ರಿಸ್‌ಮಸ್ಸಿಗೆ ಗಟ್ಟಿ ಬಿಯರ್ ಮಾಡುವಾಗ ಎರಡರಷ್ಟು ನುಚ್ಚು ಬೇಕಲ್ಲಪ್ಪ. ಹೋದ ವರ್ಷ ನಿನ್ನ ಡಬ್ಬ ಉಕ್ಕಿ ನನ್ನ ಶೆಡ್ಡೆಲ್ಲಾ ಗಂಜಿ ಆಗಿತ್ತು, ಮರೆತ್ಯಾ?"

"ಒದ್ದೆ ನುಚ್ಚು ತುಂಬಿರೋ ಇಪ್ಪತ್ತರ ಹಂಡೆನ ಎತ್ತೋರು ಯಾರು? ನಿನ್ನ ಸೊಂಟ ಸೊಂಟವಾ?"

ಹತ್ತು ಸಾಕು, ಹದಿನೈದಾದರೂ ಇರಲಿ, ನುಚ್ಚು ಇಷ್ಟು ದಪ್ಪ ಕೂರಬೇಕು, ಮೇಲೆ ಇಷ್ಟು ಜಾಗ ಬಿಡಬೇಕು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ದೊಡ್ಡವರೆಲ್ಲ ಗಾಳಿಯಲ್ಲಿ ಕೈಯಗಲಿಸಿ ಹಂಡೆಯ ಬಾಯಿ ಅಳೆದೆವು.

ಮಾರ್ಲಿಸ್ ಟೊಲೆಫ್ಸನ್ ಒಬ್ಬಳೇ ಸುಮ್ಮನೆ ಕೂತಿದ್ದವಳು. ಸಂಘದಲ್ಲಿ ಅವಳಷ್ಟು ಹದವಾಗಿ ನೆನೆಹಾಕುವವರು ಬೇರೆ ಯಾರೂ ಇಲ್ಲ. ಅವಳ ಮಗಳು ಕ್ರಿಸ್ಟಾ ಹೆತ್ತು ನಾಲ್ಕು ತಿಂಗಳಾಗಿತ್ತು. ಕ್ರಿಸ್ಟಾಳ ಎದೆಹಾಲನ್ನು ಪರೀಕ್ಷೆ ಮಾಡಿಸಿದಾಗ ಅದರಲ್ಲೂ ಆ ನೊರೆಯ ವಿಷ ಸಿಕ್ಕಿತ್ತು. ಮಗುವಿಗೆ ಈಗ ಕ್ಯಾನಿನ ನೀರಲ್ಲಿ ಪುಡಿ ಕಲಸಿ ಬಾಟಲಿ ಹಾಲು.

"ಹಂಡೆ ಇರಲಿ," ಎಂದಳು ಮಾರ್ಲಿಸ್. "ಅದಕ್ಕೆ ಹುಯ್ಯೋ ನೀರು ಯಾವುದು?"

"ಪಾರ್ಕಿನ ನಲ್ಲಿದು," ಎಂದ ಗೋರ್ಡಿ. "ಅದನ್ನೇ ತಾನೇ ಅವರು ಕೇಳ್ತಿರೋದು."

"ಗೊತ್ತಿದ್ದೂ ಒಪ್ಕೊಂಡ್ಯಾ?"

"ಹೆಂಗಿದ್ರೂ ಕುದಿಸ್ತೀವಲ್ಲೇ."

"ಒಂದು ಗಂಟೆ ಕುದಿಸಿದ್ರೆ ಹಾರಿಹೋಗೋದು ನೀರು. ಆ ಹೊಲಸು ಹಾರಲ್ಲ, ಪಾತ್ರೇಲೇ ಮಂದ ಆಗ್ತಾ ಉಳಿಯತ್ತೆ. ಬಿಯರ್ ಮಾಡೋನಿಗೆ ಇದನ್ನ ನಾನು ಹೇಳ್ಕೊಡ್ಬೇಕಾ?"

ಡ್ವೇನ್ ಗಂಟಲು ಸರಿಮಾಡಿಕೊಂಡು, ಇಪ್ಪತ್ತರದೇ ತರಿಸಿದರೆ ತಳದ ಜರಡಿ ಎಂಥದ್ದಿರಬೇಕು ಅಂತ ಕೇಳಿದ. ಮಾತು ಮತ್ತೆ ಅಲ್ಲಿಗೇ ಹೋಯಿತು. ಮಾರ್ಲಿಸ್ ಚೀಲ ಎತ್ತಿಕೊಂಡು ಹೊರಟಳು. ಕೈಯೆತ್ತಿ ಮತ ಹಾಕಿದಾಗ ಇಪ್ಪತ್ತು ಗ್ಯಾಲನ್ ಗೆದ್ದಿತು.

ಹಂಡೆ ಬಂದ ದಿನದ್ದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಕರು ಹಾಕಿದ ಹಸುವಿನ ಸುತ್ತ ನಿಂತ ಹಾಗೆ ನಿಂತಿದ್ದೇವೆ, ಒಬ್ಬೊಬ್ಬರೇ ಅದರ ಮೈ ಸವರುತ್ತಿದ್ದೇವೆ. ಗೋರ್ಡಿ ತನ್ನ ಅಂಗಿಯ ತೋಳಿನಿಂದ ನನ್ನ ಬೆರಳಿನ ಗುರುತು ಒರೆಸಿದ. ಹಂಡೆಯ ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು ಕೊರೆದಿತ್ತು. ಶೆಡ್ಡಿನ ಹಿಂದಿನ ತೊರೆಯಲ್ಲಿ ಹಳದಿ ನೊರೆ, ಉಗಿದ ಕಫದ ಹಾಗೆ, ಕಲ್ಲುಕಲ್ಲಿಗೂ ಅಂಟಿಕೊಂಡಿತ್ತು. ಆ ವಾಸನೆಗೆ ಬಾಗಿಲು ಹಾಕಿಕೊಂಡು ನಾವು ಹಂಡೆಯನ್ನು ಮೆಚ್ಚಿದೆವು.

ಪಿಕ್ನಿಕ್ ದಿನ ಪಾರ್ಕ್ ತುಂಬಿತ್ತು. ಸಾಸೇಜ್ ಸುಡುವ ಹೊಗೆ, ಅಕಾರ್ಡಿಯನ್ ವಾದ್ಯದ ಸದ್ದು, ಎಣ್ಣೆಯಲ್ಲಿ ಕರಿದ ಚೀಸ್. ನಮ್ಮ ಡೇರೆಯ ನೆತ್ತಿಗೆ ಕಟ್ಟಿದ್ದ ಬಟ್ಟೆಯಲ್ಲಿ "ನಮ್ಮ ನೀರು, ನಮ್ಮ ಬಿಯರ್" ಎಂದು ಬರೆಸಿದ್ದರು. ಕಾರ್ಖಾನೆಯ ನೀರಿನ ಕ್ಯಾನನ್ನು ಬಗಲಿಗಿಟ್ಟುಕೊಂಡು ಸಾಸೇಜ್ ತಿನ್ನುತ್ತಿದ್ದವರೂ ಕೆಳಗೆ ನಿಂತು ಚಪ್ಪಾಳೆ ಹೊಡೆದರು.

ಎತ್ತರದ ಮೇಜಿನ ಮೇಲೆ, ತಳಕ್ಕೆ ತಿರುಪಿದ್ದ ಪಾತ್ರೆಯಲ್ಲಿ, ಪಾರ್ಕಿನ ನಲ್ಲಿಯ ನೀರು ಕಾಯುತ್ತಿತ್ತು. ಅದರ ಮುಂದೆ ಕೆಳಗೆ ಹಂಡೆ, ಹಂಡೆಯೊಳಗೆ ಒಣ ನುಚ್ಚು. ನೀರು ಬಿಡುವ ತಿರುಪಿನ ಪಕ್ಕ ಮಾರ್ಲಿಸ್ ನಿಂತಿದ್ದಳು. ಅವಳು ಬಂದದ್ದು ನನಗೆ ಆಶ್ಚರ್ಯ. ಗೋರ್ಡಿಗೆ ಮಾತ್ರ ಗೆದ್ದ ಮುಖ.

"ಅವಳೇ ನೀರು ಬಿಡ್ಲಿ," ಎಂದು ಹಾಲಿಸ್ಟರ್ ಗೋರ್ಡಿಯ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. "ಆ ಮಗುವಿನ ಅಜ್ಜಿ ತಾನೇ? ಅವಳೇ ನಂಬಿದ್ರೆ ಊರೇ ನಂಬತ್ತೆ."

ಐದು ತಿಂಗಳ ಕೂಸನ್ನು ಇವನು ತನ್ನ ಲೆಕ್ಕಾಚಾರಕ್ಕೆ ಬಳಸಿಕೊಳ್ಳುತ್ತಿದ್ದಾನೆ. ಅರ್ಧ ತಿಂದಿದ್ದ ಸಾಸೇಜನ್ನು ತಟ್ಟೆಗೆ ವಾಪಸ್ ಇಟ್ಟೆ.

"ನೀರು ಬಿಸಿ ಆಗಿದೆ, ಮಾರ್ಲಿಸ್. ಬಿಡು," ಎಂದ ಗೋರ್ಡಿ. ಕಾರ್ಖಾನೆಯವರು ಕರೆಸಿದ್ದ ಫೋಟೋದವನು ಕ್ಯಾಮೆರಾ ಎತ್ತಿ ಮೊಣಕಾಲೂರಿದ.

ಮಾರ್ಲಿಸ್ ಹಾಲಿಸ್ಟರನ ಕಡೆ ತಿರುಗಿದಳು. "ಶೋಧಕದ ನೀರಿನ ವರದಿ ತಂದಿದ್ದೀರಾ?"

"ಅದು ಸ್ವಲ್ಪ ತಾಂತ್ರಿಕ ವಿಷಯ, ಮೇಡಂ. ವಿಚಾರಣೆ ಆದ್ಮೇಲೆ ಎಲ್ರಿಗೂ ಸಿಗತ್ತೆ."

"ಹಂಗಿದ್ರೆ ನೀರೂ ವಿಚಾರಣೆ ಆದ್ಮೇಲೇ ಬಿಡೋಣ."

ಗುಂಪಿನಲ್ಲಿ ಯಾರೋ ನಕ್ಕರು. ಹಾಲಿಸ್ಟರ್ ಕೂಡ ನಕ್ಕ, ಹಲ್ಲಷ್ಟೇ ಕಂಡಿತು. "ಇದು ಊರ ಹಬ್ಬ. ರಾಜಕೀಯ ಬೇಡ."

"ನನ್ನ ಮಗಳ ಹಾಲಿಗೆ ವಿಷ ಹಾಕಿದ್ದು ನೀವು. ಅದನ್ನ ರಾಜಕೀಯ ಅನ್ನೋದೂ ನೀವೇ." ದನಿ ಏರಿರಲಿಲ್ಲ. "ನಾನಿದನ್ನ ನೆನೆಹಾಕಿದ್ರೆ ಅಕ್ಟೋಬರಲ್ಲಿ ನೀವು ಏನು ಹೇಳ್ತೀರಿ ಅಂತ ನನಗ್ಗೊತ್ತು. ಅಜ್ಜೀನೇ ಈ ನೀರಲ್ಲಿ ಬಿಯರ್ ಮಾಡಿದ್ಲು, ಇನ್ನು ಕ್ಯಾನ್ ಯಾಕೆ ಅಂತೀರಿ. ಆಮೇಲೆ ಮಗುವಿನ ಬಾಟಲಿಗೆ ಏನು ಕಲಸ್ಲಿ?"

ಅಕಾರ್ಡಿಯನ್ ನಿಂತಿತ್ತು. ಗೋರ್ಡಿ ಅವಳ ತೋಳು ಹಿಡಿದು ಪಿಸುಗುಟ್ಟಿದ. "ಹಂಡೆ ವಾಪಸ್ ತಗೊಂಡು ಹೋಗ್ತಾರೆ ಕಣೇ. ನಿನ್ ಕಾಲಿಗೆ ಬೀಳ್ತೀನಿ, ಒಂದ್ಸಲ ತಿರುಪು ತಿರುಗಿಸು."

ಮೂವತ್ತು ವರ್ಷಗಳಿಂದ ಗೆಳೆಯನಾಗಿದ್ದವನು ಬೇಡುತ್ತಿದ್ದಾನೆ, ಹಂಡೆಗಾಗಿ. ಮಾರ್ಲಿಸ್ ಅವನ ಕೈಯನ್ನು ಹೇಸಿಗೆ ತೆಗೆದ ಹಾಗೆ ಎರಡು ಬೆರಳಿನಿಂದ ತೆಗೆದಳು.

"ತಿರುಗಿಸಲ್ಲ."

"ಸರಿ ಹಂಗಾದ್ರೆ, ಪಕ್ಕಕ್ಕೆ ಹೋಗು. ಡ್ವೇನ್ ಬಿಡ್ತಾನೆ."

ಡ್ವೇನ್ ಒಂದು ಹೆಜ್ಜೆ ಮುಂದಿಟ್ಟ. ಮಾರ್ಲಿಸ್ ನುಚ್ಚಿನ ಮೇಲೆ ಹಂಡೆಯ ಮುಚ್ಚಳ ಎಳೆದಳು, ಕಾರ್ಖಾನೆಯ ಹೆಸರಿನ ಮೇಲೆ ಕಾಲು ಇಳಿಬಿಟ್ಟು ಮುಚ್ಚಳದ ಮೇಲೆ ಕೂತಳು, ಕೈ ಕಟ್ಟಿಕೊಂಡಳು.

"ಹೋಗಲ್ಲ," ಎಂದಳು.