ರೀಡಿನ ಮೇಲೆ ಕೂರಿಸಿದ ಗೂಬೆ

ನನ್ನ ಗಂಡ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಾರೆ. ಊದುತ್ತಿದ್ದರು ಎನ್ನಬೇಕು, ಆದರೆ ನಾಲಿಗೆ ಹೊರಳುವುದಿಲ್ಲ.

ಕೆಳಗಿನ ಎರಡು ಮುಂದಿನ ಹಲ್ಲು ಹೋದಾಗ ದವಡೆಗೆ ಸ್ಕ್ರೂ ಕೂರಿಸಿ ಇಂಪ್ಲಾಂಟ್ ಹಲ್ಲು ಹಾಕಿಸಿಕೊಂಡಿದ್ದರು. ಆ ಹಲ್ಲುಗಳ ಮೇಲೆ ಕೆಳತುಟಿ ಮಡಚಿಟ್ಟು, ಅದರ ಮೇಲೆ ರೀಡ್ ಕೂರಿಸಬೇಕು. ರೀಡ್ ಎಂದರೆ ವಾದ್ಯದ ಬಾಯಿಗೆ ಕಟ್ಟುವ, ಊದಿದಾಗ ನಡುಗುವ ತೆಳ್ಳನೆಯ ಪಟ್ಟಿ. ಊದುವವರ ಜಾತಿಯೇ ಅಂಥದ್ದು. ಸ್ವರ ಜಾರಿದರೂ, ಉಸಿರು ಸಾಲದಿದ್ದರೂ ಪಾಪದ ರೀಡಿನ ಮೇಲೆ ಗೂಬೆ ಕೂರಿಸುತ್ತಾರೆ.

ಹಾಗಾಗಿ ರೀಡಿನ ಮೇಲೆ ರಕ್ತ ಕಂಡಾಗ, "ಅಂಚು ಚೂಪಾಗಿದೆ, ತುಟಿ ಕೊಯ್ದಿದೆ" ಎಂದು ಸ್ಯಾಂಡ್‌ಪೇಪರ್ ಹಿಡಿದು ಕೂತರು.

"ಒಸಡು ಊದಿದೆ ರೀ. ಬಾಯಿ ವಾಸನೆನೂ ಬರ್ತಿದೆ. ಡಾಕ್ಟರಿಗೆ ತೋರಿಸಿ."

"ನೋವೇ ಇಲ್ಲ. ಏನಂತ ಹೇಳ್ಲಿ? ಹೆಂಡ್ತಿಗೆ ವಾಸನೆ ಬರ್ತಿದೆ ಅಂತ್ಲಾ?"

ನಗು ಬಂತು, ಸಿಟ್ಟೂ ಬಂತು. ಅವರು ಇನ್ನೊಂದು ಪೆಟ್ಟಿಗೆ ರೀಡ್ ತರಿಸಿದರು. ಹೀಗೇ ವರ್ಷಗಳು ಕಳೆದವು. ನಾನು ಬಾಯಿ ಬಡಿದುಕೊಂಡಿದ್ದೇ ಬಂತು.

ಹಲ್ಲು ಅಲ್ಲಾಡಿದ ಮೇಲೆ ಹೋದೆವು. ದಂತವೈದ್ಯೆ ಎಕ್ಸ್‌ರೇ ತೋರಿಸಿದರು. ಸ್ಕ್ರೂಗಳ ಸುತ್ತ ಕಪ್ಪು ಹಳ್ಳ.

"ಸ್ಕ್ರೂ ಸಂದಿಲಿ ಕ್ರಿಮಿಗಳು ಸೇರ್ಕೊಂಡಿವೆ. ಅವನ್ನ ಓಡಿಸೋಕೆ ಮೈ ಬಿಳಿರಕ್ತಕಣ ಕಳಿಸ್ತಾನೇ ಇದೆ. ಕ್ರಿಮಿ ಹೋಗಲ್ಲ, ಜಗಳ ನಿಲ್ಲಲ್ಲ. ಆ ಉರಿಯೂತದಲ್ಲಿ ಮೂಳೆ ಕರಗಿಹೋಗಿದೆ."

"ಮೂಳೆ ತಿಂದಿದ್ದು ಕ್ರಿಮಿನಾ?" ಎಂದರು ಇವರು.

"ಇಲ್ಲ. ನಿಮ್ಮ ಮೈಯ ಜೀವಕೋಶಗಳೇ."

ಇವರು ಎಕ್ಸ್‌ರೇಯನ್ನು ಅವರತ್ತ ಸರಿಸಿದರು. "ಇವನ್ನ ತೆಗೆದು ಬೇರೆ ಹಾಕಿ."

"ಹಿಡಿಯೋಕೆ ಮೂಳೆನೇ ಉಳಿದಿಲ್ಲ. ಬೇರೆ ಕಡೆಯಿಂದ ತಂದು ತುಂಬಿಸಿದ್ರೂ ಊದೋ ಒತ್ತಡಕ್ಕೆ ನಿಲ್ಲಲ್ಲ."

ಎರಡನ್ನೂ ಕಿತ್ತರು.

ಗಾಯ ಮಾಯ್ದ ಮೇಲೆ ಒಂದು ಬೆಳಿಗ್ಗೆ ಕಿಟಕಿಯ ಬಳಿ ಕೂತು ಕ್ಲಾರಿನೆಟ್ ಜೋಡಿಸಿದರು. ತುಟಿ ಹಳ್ಳಕ್ಕೆ ಬಿತ್ತು. ಬರೀ ಗಾಳಿ ಸೋರಿತು, ಎಂಜಲು ಗಲ್ಲಕ್ಕೆ ಇಳಿಯಿತು. ಒರೆಸಿಕೊಂಡು ಮತ್ತೆ ಊದಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಮನುಷ್ಯನಿಗೆ ಬೇರೆ ಏನೂ ಬರುವುದಿಲ್ಲ.

ರೀಡ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಸ್ಯಾಂಡ್‌ಪೇಪರ್ ತೆಗೆದು ಉಜ್ಜತೊಡಗಿದರು.

"ಈ ರೀಡ್ ಸರಿಯಿಲ್ಲ ಕಣೇ."

ಇಷ್ಟು ವರ್ಷ ಈ ಮಾತಿಗೆ ನಾನು ಒಮ್ಮೆಯೂ ಹೂಂ ಅಂದವಳಲ್ಲ.

"ಹೌದು ರೀ," ಎಂದೆ. "ರೀಡೇ ಸರಿಯಿಲ್ಲ."

ಉಜ್ಜುತ್ತಿದ್ದ ಕೈ ನಿಂತುಹೋಯಿತು.